ಒಬ್ಬನ ಕೈಯಿಂದ ಬೀಡಿ ಬೀಳಬೇಕಾದರೆ ಹತ್ತು ಮಂದಿಯ ಕೈ ಬೇಕು

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಇವತ್ತು ಬೀಡಿ-ಸಿಗರೇಟಿನ ಬಗ್ಗೆ ಮಾತಾಡೋಣ ಅಂತ ಗೊತ್ತು ಮಾಡಿದಾಗ ನಮ್ಮವರೇ ಕೆಲವರು ನಕ್ಕರು. ‘ಭೂಮಿ ವಿಷಯ ಬಿಟ್ಟು, ಮಸಣದ ಜಾಗದ ವಿಷಯ ಬಿಟ್ಟು, ಹಾಸ್ಟೆಲ್ ಹುಡುಗರ ಊಟದ ವಿಷಯ ಬಿಟ್ಟು ಇದೇನ್ರಿ ಬೀಡಿ ಪುರಾಣ’ ಅಂದರು. ಆ ವಿಷಯಗಳನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಆ ಎಲ್ಲಾ ವಿಷಯಗಳಿಗೂ ಉಸಿರು ಬೇಕು. ತಹಶೀಲ್ದಾರ ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ತೇಕು ಹತ್ತುವ ಎದೆ, ಮೂರನೇ ಘೋಷಣೆಗೇ ಕೆಮ್ಮಿಗೆ ಬೀಳುವ ಗಂಟಲು ಇಟ್ಟುಕೊಂಡು ಎಷ್ಟು ದೂರ ಮೆರವಣಿಗೆ ಹೋಗಲಿಕ್ಕೆ ಆಗುತ್ತದೆ? ನಲವತ್ತೈದಕ್ಕೇ ಮುದುಕರಾಗಿ ಕಟ್ಟೆ ಹಿಡಿದು ಕೂತ ಅಣ್ಣಂದಿರು ಎಷ್ಟು ಮಂದಿ ಅದಾರ, ನಿಮ್ಮ ನಿಮ್ಮ ಕೇರಿಯಲ್ಲಿ ನೀವೇ ಎಣಿಸಿ ನೋಡಿರಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಯಾರನ್ನೂ ಬೈಯಲಿಕ್ಕೆ ಇಲ್ಲಿ ನಿಂತಿಲ್ಲ. ನಮ್ಮನ್ನು ಬೈದವರು ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ. ‘ಈ ಜನ ಸೇದಿ ಕುಡಿದೇ ಹಾಳಾದರು, ದುಡಿದದ್ದೆಲ್ಲಾ ಹೊಗೆ ಮಾಡಿದರು’ ಅನ್ನುವ ಮಾತು ನಮ್ಮ ಅಜ್ಜಂದಿರ ಕಾಲದಿಂದ ಕೇಳಿಕೊಂಡು ಬಂದಿದ್ದೇವೆ. ಹಾಗೆ ಹೇಳುವವರು ಒಂದು ಲೆಕ್ಕ ನೋಡಲಿ. 2016-17ರಲ್ಲಿ ಸರ್ಕಾರವೇ ಮಾಡಿಸಿದ ತಂಬಾಕಿನ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ, ಅಂದರೆ ಸುಮಾರು 26 ಕೋಟಿ 70 ಲಕ್ಷ ಜನ, ಒಂದಲ್ಲ ಒಂದು ರೀತಿಯಲ್ಲಿ ತಂಬಾಕು ಬಳಸುವವರು. ಕರ್ನಾಟಕದಲ್ಲಿ ನೂರಕ್ಕೆ 22.8. ಇದೇನು ಒಂದು ಕೇರಿಯ ರೋಗವೇ? ಇದು ಊರೊಳಗೂ ಐತಿ, ಅಗಸಿ ಹೊರಗೂ ಐತಿ. ಒಳಗೆ ಸೇದಿದರೆ ಷೋಕಿ, ಹೊರಗೆ ಸೇದಿದರೆ ದುಶ್ಚಟ ಅನ್ನುವ ಎರಡು ತಕ್ಕಡಿ ನಮಗೆ ಬ್ಯಾಡ.

ಇನ್ನೊಂದು ಮಾತು. ಬೀಡಿ ಬಿಟ್ಟರೆ ‘ಶುದ್ಧ’ ಆಗುತ್ತೀರಿ, ಆಗ ನಿಮ್ಮನ್ನು ಹತ್ತಿರ ಕೂಡಿಸಿಕೊಳ್ಳುತ್ತೇವೆ ಅನ್ನುವವರಿಗೂ ನಮ್ಮ ದೂರದಿಂದಲೇ ನಮಸ್ಕಾರ. ಯಾರದೋ ಮಡಿಯ ಪಂಕ್ತಿಗೆ ಅರ್ಜಿ ಹಾಕಲಿಕ್ಕೆ ನಾವು ಬೀಡಿ ಬಿಡುವುದಿಲ್ಲ. ಎದೆ ನಮ್ಮದು, ಕೂಲಿ ನಮ್ಮದು, ಮಕ್ಕಳು ನಮ್ಮವು. ಅದಕ್ಕಾಗಿ ಬಿಡುತ್ತೇವೆ.

ಈಗ ಬೀಡಿ ನಮ್ಮ ಕೈಗೆ ಹ್ಯಾಂಗ ಬಂತು, ಅದನ್ನು ನೋಡೋಣ. ಅದು ತಿಳಿಯದೆ ಅದನ್ನು ಕೈಯಿಂದ ಇಳಿಸಲಿಕ್ಕೆ ಆಗುವುದಿಲ್ಲ.

ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ ಅಣ್ಣನನ್ನು ನೋಡಿರಿ. ಸುಮ್ಮನೆ ಐದು ನಿಮಿಷ ಕುಂತರೆ ‘ಯಾಕಲೇ, ಮೈಗಳ್ಳಾ’ ಅನ್ನುತ್ತಾರೆ. ಅದೇ ಬೀಡಿ ಹಚ್ಚಿಕೊಂಡು ಕುಂತರೆ ಯಾರೂ ಏನೂ ಅನ್ನುವುದಿಲ್ಲ. ‘ಬೀಡಿ ಸೇದಿ ಬರ್ತೀನ್ರಿ’ ಅಂದರೆ ಸಾಹುಕಾರನೂ ತಲೆ ಅಲ್ಲಾಡಿಸುತ್ತಾನೆ. ಅಂದರೆ ಬಡವನಿಗೆ ಬೀಡಿ ಅನ್ನುವುದು ವಿಶ್ರಾಂತಿಯ ಚೀಟಿ. ಈರುಳ್ಳಿ ಕೀಳುವ ಹೊಲದಲ್ಲಿ, ಮೆಣಸಿನಕಾಯಿ ಕಣದಲ್ಲಿ, ಗಾರೆ ಕೆಲಸದಲ್ಲಿ, ಕಲ್ಲಿನ ಕ್ವಾರಿಯಲ್ಲಿ ಎಲ್ಲಾ ಕಡೆ ಇದೇ ಕಾನೂನು. ಮನುಷ್ಯನಿಗೆ ದಣಿವಾಗುತ್ತದೆ ಅಂತ ಒಪ್ಪದವರು ಬೀಡಿಯ ಚಟ ಇದೆ ಅಂದರೆ ಒಪ್ಪುತ್ತಾರೆ. ಇದಕ್ಕಿಂತ ಅನ್ಯಾಯದ ಮಾತು ಯಾವುದಿದೆ?

ಎರಡನೆಯದು ಹಸಿವು. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ. ಮುಂಜಾನೆ ಒಂದು ಚಹಾ, ಒಂದು ಬೀಡಿ ಆದರೆ ಮಧ್ಯಾಹ್ನದ ರೊಟ್ಟಿ ತನಕ ಹೊಟ್ಟೆ ಕೇಳುವುದಿಲ್ಲ. ಹೊಟ್ಟೆ ಕೇಳಲಿಲ್ಲ ಅಂದರೆ ಹೊಟ್ಟೆ ತುಂಬಿತು ಅಂತಲ್ಲ, ಅದರ ಬಾಯಿಗೆ ಹೊಗೆ ತುರುಕಿದಿವಿ ಅಂತ ಅರ್ಥ.

ಮೂರನೆಯದು ಗೆಳೆತನ. ನೀರು ಕೊಡುವಾಗ ಎತ್ತಿ ಹೊಯ್ದವರು, ಚಹಾದ ಕಪ್ಪು ಬೇರೆ ಇಟ್ಟವರು, ಬೀಡಿಯನ್ನು ಮಾತ್ರ ದೂರದಿಂದ ಎಸೆದು ‘ತಗೋ, ಸೇದು’ ಅಂದರು. ನಮ್ಮ ನಮ್ಮೊಳಗೆ ಅದು ಹಾಗಲ್ಲ. ಒಬ್ಬನ ಬೀಡಿಯ ಬೆಂಕಿಯಿಂದ ಇನ್ನೊಬ್ಬ ಹಚ್ಚಿಕೊಳ್ಳುತ್ತಾನೆ, ಅರ್ಧ ಸೇದಿ ಅರ್ಧ ಕೊಡುತ್ತಾನೆ. ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲಿಕ್ಕೆ ಹೋದ ಮುಂಡರಗಿ-ಶಿರಹಟ್ಟಿ ಕಡೆಯ ಹುಡುಗರಿಗೆ ಪರವೂರಿನಲ್ಲಿ ಮೊದಲ ಗೆಳೆಯ ಸಿಕ್ಕುವುದು ‘ಕಡ್ಡಿಪೆಟ್ಟಿಗಿ ಐತೇನಣ್ಣಾ’ ಅನ್ನುವ ಮಾತಿನಿಂದ. ಮನೆಯೊಳಗೆ ನೋಡಿದರೆ, ‘ಒಲಿಯಾಗ ಹಚ್ಚಿಕೊಂಡು ಬಾರೋ ತಮ್ಮಾ’ ಅಂತ ಅಜ್ಜ ಕಳಿಸಿದ ಬೀಡಿಯನ್ನು ಆರಬಾರದು ಅಂತ ದಾರಿಯಲ್ಲಿ ಒಂದು ಜುರಕಿ ಎಳೆದ ಹುಡುಗ, ಅಲ್ಲಿಂದಲೇ ಶುರುವಾಗುತ್ತಾನೆ.

ಗೆಳೆಯರೇ, ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿರಿ. ಬೀಡಿಯನ್ನು ಯಾರೂ ಒಬ್ಬನೇ ಕಲಿಯಲಿಲ್ಲ. ಮಂದಿ ಕಲಿಸಿದರು, ಮಂದಿಯ ನಡುವೆ ಕಲಿತರು. ಹಾಗಿದ್ದ ಮೇಲೆ ಬಿಡುವಾಗ ಮಾತ್ರ ‘ನೀ ಒಬ್ಬನ ಗಟ್ಟಿ ಮನಸ ಮಾಡು’ ಅನ್ನುವುದು ಯಾವ ನ್ಯಾಯ?

ಇನ್ನು ಅದರ ಒಳಗುಟ್ಟು. ಹೊಗೆ ಎಳೆದ ಇಪ್ಪತ್ತು ಸೆಕೆಂಡಿನೊಳಗೇ ನಿಕೋಟಿನ್ ಮೆದುಳು ಮುಟ್ಟುತ್ತದೆ. ಒಂದು ಗಳಿಗೆ ಹಾಯ್ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಅದು ಇಳಿಯುತ್ತದೆ, ಮೈ-ಮನಸ್ಸು ಮತ್ತೆ ಕೇಳುತ್ತದೆ. ಸಾಹುಕಾರನ ಸಾಲ ಇದ್ದ ಹಾಗೆ ಇದು. ತಾನೇ ಕೊಟ್ಟು, ತಾನೇ ವಸೂಲಿಗೆ ಬಂದು ನಿಲ್ಲುವಂಥಾದ್ದು. ಬೀಡಿ ಸೇದಿದಾಗ ಸಿಗುವ ಸಮಾಧಾನ ಅನ್ನುವುದು ಬಹುಮಟ್ಟಿಗೆ ಹಿಂದಿನ ಬೀಡಿ ಹುಟ್ಟಿಸಿದ ಸಂಕಟವನ್ನು ಕಳೆಯುವ ಸಮಾಧಾನ.

‘ಸಿಗರೇಟು ಸಾಹೇಬರದು, ಅದು ಕೆಟ್ಟದ್ದು. ಬೀಡಿ ಎಲಿದು, ನಮ್ಮದು, ಏನಾಗೂದಿಲ್ಲ’ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಇದು ಸುಳ್ಳು. ಬೀಡಿಯಲ್ಲಿ ತಂಬಾಕು ಕಡಿಮೆ ಇದ್ದರೂ ಅದರ ಎಲೆ ಸಿಗರೇಟಿನ ಕಾಗದದ ಹಾಗೆ ಗಾಳಿ ಬಿಡುವುದಿಲ್ಲ. ಆರಿಹೋಗಬಾರದು ಅಂದರೆ ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಹಾಗೆ ಎಳೆದಾಗ ನಿಕೋಟಿನ್, ಟಾರು, ವಿಷದ ಗಾಳಿ ಎಲ್ಲವೂ ಸಿಗರೇಟಿಗಿಂತ ಕಡಿಮೆ ಏನೂ ಎದೆಗೆ ಇಳಿಯುವುದಿಲ್ಲ, ಹೆಚ್ಚೇ ಇಳಿಯುತ್ತವೆ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರು, ಹೃದಯದ ಕಾಯಿಲೆ, ಲಕ್ವ, ದಮ್ಮು, ಇವಕ್ಕೆ ಎಲೆಯ ಹೊಗೆ, ಕಾಗದದ ಹೊಗೆ ಅನ್ನುವ ಭೇದ ಇಲ್ಲ. ನಮ್ಮ ಕೇರಿಗಳನ್ನು ಬಿಡದೆ ಕಾಡಿದ ಕ್ಷಯ ಇದೆಯಲ್ಲ, ಸೇದುವವರಿಗೆ ಆ ಕ್ಷಯ ಬರುವ ಅಪಾಯ ಎರಡು-ಎರಡೂವರೆ ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಂಬಾಕಿನಿಂದ ನಮ್ಮ ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಅದರ ಮೇಲೆ ಬೆಟಗೇರಿಯ ಮಗ್ಗದ ಮುಂದೆ ನೂಲಿನ ಧೂಳು ಕುಡಿಯುವ, ಯಾರ್ಡಿನಲ್ಲಿ ಮೆಣಸಿನಕಾಯಿ ಘಾಟು ಕುಡಿಯುವ ಎದೆಗೆ ಈ ಹೊಗೆ ಬೇರೆ.

ರೊಕ್ಕದ ಲೆಕ್ಕವನ್ನೂ ಒಮ್ಮೆ ಮಾಡೋಣ. ದಿನಕ್ಕೆ 25 ರೂಪಾಯಿ ಬೀಡಿಗೆ ಹೋಗುತ್ತದೆ ಅಂತ ಹಿಡಿಯಿರಿ. ವರ್ಷಕ್ಕೆ 9,125 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಹೆಚ್ಚುಕಡಿಮೆ 25 ದಿನ ಬಿಸಿಲಿನಲ್ಲಿ ಮಣ್ಣು ಹೊತ್ತ ಕೂಲಿ ಬೀಡಿಗೆ ಹೋಯಿತು. ಇಪ್ಪತ್ತೈದು ದಿನ ಬಿಟ್ಟಿ ದುಡಿಸಿಕೊಂಡರೆ ನಾವು ಸಂಘ ಕಟ್ಟಿಕೊಂಡು ಹೋಗಿ ಕೇಳುತ್ತೇವೆ. ಈ ಬಿಟ್ಟಿಯನ್ನು ಯಾರ ಬಾಗಿಲಿಗೆ ಹೋಗಿ ಕೇಳುವುದು?

ಈಗ ಬಿಡುವ ಮಾತಿಗೆ ಬರೋಣ. ಯಾರ ನೆರವೂ ಇಲ್ಲದೆ, ಒಬ್ಬರೇ ಬಿಡುತ್ತೇವೆ ಅಂತ ಹೊರಟ ನೂರು ಮಂದಿಯಲ್ಲಿ ಆರು ತಿಂಗಳು, ವರ್ಷದ ಹೊತ್ತಿಗೆ ಬಿಟ್ಟವರಾಗಿ ಉಳಿಯುವವರು ಮೂರರಿಂದ ಐದು ಮಂದಿ ಅಂತ ಸಂಶೋಧನೆಗಳು ಹೇಳುತ್ತವೆ. ಉಳಿದ ತೊಂಬತ್ತೈದು ಮಂದಿ ಹೇಡಿಗಳೇನು? ಅಲ್ಲ. ಅವರನ್ನು ಒಬ್ಬರೇ ಬಿಟ್ಟೆವು, ಅಷ್ಟೇ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನ ಸುದ್ದಿ ಕೇಳಿರಿ. ಅಲ್ಲಿ ತಲೆಮಾರುಗಟ್ಟಲೆ ಹೃದಯದ ಕಾಯಿಲೆಯ ಅಧ್ಯಯನ ನಡೆದಿದೆ. ಅದರ ಕಾಗದ ಪತ್ರಗಳಿಂದ 12,067 ಮಂದಿಯ, 1971ರಿಂದ 2003ರವರೆಗಿನ ಲೆಕ್ಕ ತೆಗೆದು ಯಾರಿಗೆ ಯಾರು ಗೆಳೆಯರು, ಯಾರಿಗೆ ಯಾರು ಬಂಧುಗಳು, ಯಾರು ಯಾವಾಗ ಬಿಟ್ಟರು ಅಂತ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅನ್ನುವ ಇಬ್ಬರು ನೋಡಿದರು. 2008ರಲ್ಲಿ ಅದನ್ನು ಪ್ರಕಟಿಸಿದರು. ಗಂಡನೋ ಹೆಂಡತಿಯೋ ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ನೂರಕ್ಕೆ 67ರಷ್ಟು ಇಳಿಯಿತು. ಗೆಳೆಯ ಬಿಟ್ಟರೆ 36ರಷ್ಟು. ಸಣ್ಣ ಕಾರಖಾನೆ-ಅಂಗಡಿಗಳಲ್ಲಿ ಜೊತೆಗೆ ದುಡಿಯುವವನು ಬಿಟ್ಟರೆ 34ರಷ್ಟು. ಒಡಹುಟ್ಟಿದವರು ಬಿಟ್ಟರೆ 25ರಷ್ಟು. ಒಬ್ಬೊಬ್ಬರಾಗಿ ಅಲ್ಲ, ಗುಂಪು ಗುಂಪಾಗಿ ಮಂದಿ ಬಿಟ್ಟಿದ್ದರು.

ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಕಂಡಿತು. ಬಿಡದೆ ಉಳಿದವರು ಬರಬರುತ್ತಾ ಗೆಳೆತನದ ಬಲೆಯ ಅಂಚಿಗೆ ಸರಿದಿದ್ದರು. ಅವರ ಸುತ್ತ ಮಂದಿ ಕಡಿಮೆಯಾಗಿದ್ದರು. ಗೆಳೆಯರೇ, ಅಂಚು ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರಿನ ಅಂಚಿಗೆ ತಳ್ಳಿಸಿಕೊಂಡು ಬದುಕಿದವರು ನಾವು. ನಾವೇ ನಮ್ಮೊಳಗೆ ಇನ್ನೊಂದು ಅಂಚು ಕೊರೆದು, ಬಿಟ್ಟವರು ಮೇಲು, ಸೇದುವವರು ಕೀಳು ಅಂತ ಮಾಡಿದರೆ ಈ ಕೆಲಸ ಶುರುವಾಗುವ ಮೊದಲೇ ಕೆಟ್ಟಿತು. ಇವತ್ತಿಗೂ ಸೇದುವ ಅಣ್ಣ ನಮ್ಮ ಸಭೆಗೆ ಬರಬೇಕು, ನಡುವೆ ಕೂರಬೇಕು.

ನಮ್ಮ ಸೀಮೆಯಲ್ಲಿ ಈ ಕೆಲಸ ನಡೆದೇ ಇಲ್ಲ ಅಂತಲ್ಲ. ಗಜೇಂದ್ರಗಡ ದಾಟಿದರೆ ಇಳಕಲ್ಲು. ಅಲ್ಲಿನ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಅಂತ ಶುರು ಮಾಡಿದರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಬಾಗಿಲು ಬಾಗಿಲು ತಿರುಗಿ ‘ನಿಮ್ಮ ಚಟವನ್ನು ನನಗೆ ಭಿಕ್ಷೆ ಹಾಕಿರಿ’ ಅಂತ ಕೇಳಿದರು. ಮಂದಿ ಬೀಡಿ ಕಟ್ಟು, ಸಿಗರೇಟು, ಗುಟಕಾ ಆ ಜೋಳಿಗೆಯಲ್ಲಿ ಹಾಕಿ ಬಿಡುತ್ತೇವೆ ಅಂತ ಮಾತು ಕೊಟ್ಟರು. ಅವರು 2018ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ.

ನಾವು ಮಠಗಳ ಬಾಗಿಲಲ್ಲಿ ಕೈಮುಗಿದು ನಿಲ್ಲುವವರಲ್ಲ. ಆದರೆ ಒಳ್ಳೆಯ ಉಪಾಯ ಎಲ್ಲಿದ್ದರೂ ಕಲಿಯಬೇಕು. ಆ ಜೋಳಿಗೆಯ ಗುಟ್ಟು ಏನು? ಅವರು ಬೈಯಲಿಲ್ಲ, ಬೇಡಿದರು. ಚಟ ಇದ್ದವನು ಅಪರಾಧಿಯಾಗಿ ನಿಲ್ಲಲಿಲ್ಲ, ದಾನಿಯಾಗಿ ನಿಂತ. ಜೀವಮಾನದಲ್ಲಿ ಯಾರಿಂದಲೂ ‘ಕೊಡು’ ಅಂತ ಗೌರವದಿಂದ ಕೇಳಿಸಿಕೊಳ್ಳದ ಮನುಷ್ಯನನ್ನು ಒಬ್ಬರು ಮನೆ ಬಾಗಿಲಿಗೆ ಬಂದು ಕೇಳಿದರು. ಅಲ್ಲಿ ಅವನ ಮನಸ್ಸು ಎದ್ದು ನಿಂತಿತು. ಇದು ದೊಡ್ಡ ಪಾಠ. ಆದರೆ ಜೋಳಿಗೆ ಮುಂದಿನ ಊರಿಗೆ ಹೋಗಲೇಬೇಕು. ಮಾತು ಕೊಟ್ಟವನ ತಲೆ ಸಿಡಿಯುವ ಮೂರನೇ ದಿನ ಅವನ ಮಗ್ಗುಲಿಗೆ ಯಾರು ಕೂಡ್ರಬೇಕು? ಅದಕ್ಕೆ ಕೇರಿಯಲ್ಲೇ ಇರುವ ಮಂದಿ ಬೇಕು. ಅದಕ್ಕೆ ನಾವು ಬೇಕು.

ಇದು ಚಳವಳಿಯ ಕೆಲಸವೇ ಅಂತ ಕೇಳುವವರಿಗೆ ಎರಡು ನೆನಪು. 1927ರ ಡಿಸೆಂಬರ್‌ನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರನ್ನು ಕೂಡಿಸಿ ಮಾತಾಡಿದಾಗ ಉಡುವ ಬಟ್ಟೆ, ಮಕ್ಕಳ ಓದು, ಮನೆಯ ಗಂಡಸರ ಕುಡಿತ ಎಲ್ಲವನ್ನೂ ಹೋರಾಟದ ಮಾತಿನ ಜೊತೆಗೇ ಆಡಿದರು. ಎಂಬತ್ತರ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಕೂಗಿತು. ಬೇಡ ಅನ್ನುವುದರ ಮಗ್ಗುಲಲ್ಲೇ ಬೇಕು ಅನ್ನುವುದನ್ನು ಇಟ್ಟ ಘೋಷಣೆ ಅದು. ನಮ್ಮ ಮಾತೂ ಹಾಗೇ. ಬೀಡಿ ಬ್ಯಾಡ. ಬೀಡಿ ಇಲ್ಲದೇ ಐದು ನಿಮಿಷ ಕುಂದರುವ ಹಕ್ಕು ಬೇಕು.

ಬೆಟಗೇರಿ ಕಡೆಯ ಒಬ್ಬ ಹಮಾಲ ಅಣ್ಣ ಬಿಟ್ಟ ಬಗೆ ಹೇಳುತ್ತೇವೆ. ಹೆಸರು ಬೇಡ ಅಂದಿದ್ದಾನೆ. ಒಬ್ಬನೇ ಮೂರು ಸಲ ಬಿಟ್ಟು ಮೂರು ಸಲವೂ ಹಿಡಿದಿದ್ದ. ನಾಲ್ಕನೇ ಸಲ ಅವನ ತಂಡದ ಆರು ಮಂದಿ ಕೂತು ಮಾತಾಡಿಕೊಂಡರು. ‘ನೀ ಬೀಡಿ ಹಚ್ಚಬ್ಯಾಡ, ಆದ್ರ ನಮ್ಮ ಕೂಡ ಕುಂದರು. ಯಾರರ ಏನರ ಅಂದ್ರ ನಾವು ಮಾತಾಡ್ತೀವಿ’ ಅಂದರು. ಬಿಡುವಿನ ಹೊತ್ತು ಅವನಿಗೂ ಉಳಿಯಿತು. ಅವನ ಮುಂದೆ ಹೊಗೆ ಬಿಡಬಾರದು ಅಂತ ಮೊದಲು ಬೆನ್ನು ತಿರುಗಿಸಿ ಸೇದುತ್ತಿದ್ದರು, ಆಮೇಲೆ ಗೋಡೆ ಆಚೆ ಹೋಗಿ ಸೇದುತ್ತಿದ್ದರು. ಹೋಗಿ ಬರುವುದೇ ಬ್ಯಾಸರಾಗಿ ಇಬ್ಬರು ಕಡಿಮೆ ಮಾಡಿದರು. ಹತ್ತೊಂಬತ್ತನೇ ದಿನ ಬಂಧುವೊಬ್ಬರ ಮಣ್ಣಿಗೆ ಹೋದಲ್ಲಿ ಈ ಅಣ್ಣ ಒಂದು ಬೀಡಿ ಸೇದಿದ. ಮರುದಿನ ಮುಖ ತೋರಿಸಲಿಕ್ಕೆ ನಾಚಿ ಕೆಲಸಕ್ಕೇ ಬರಲಿಲ್ಲ. ತಂಡದವರು ಮನೆಗೆ ಹೋದರು. ‘ಯಾಕ ಸೇದಿದಿ’ ಅಂತ ಒಬ್ಬರೂ ಕೇಳಲಿಲ್ಲ. ‘ಇವತ್ತಿಂದ ಮತ್ತ ಒಂದು ಅಂತ ಎಣಸೂಣೇನು, ಇಪ್ಪತ್ತು ಅಂತ ಎಣಸೂಣೇನು?’ ಅಂತ ಕೇಳಿದರು. ‘ಇಪ್ಪತ್ತು’ ಅಂದ. ಈಗ ಅವನು ದಿನ ಎಣಿಸುವುದನ್ನೇ ಬಿಟ್ಟಿದ್ದಾನೆ.

ಅದರಿಂದ ನಾವು ತಿಳಿದದ್ದನ್ನು, ಡಾಕ್ಟರು ಹೇಳುವುದನ್ನು ಕೂಡಿಸಿ ನಮ್ಮ ಕೇರಿಗಳಲ್ಲಿ ಮಾಡಬೇಕಾದ್ದನ್ನು ಹೇಳುತ್ತೇವೆ. ಮನಸ್ಸಿಗಿಟ್ಟುಕೊಳ್ಳಿರಿ.

ಒಂದು, ಬಿಡುವ ದಿನವನ್ನು ಮೊದಲೇ ಗೊತ್ತು ಮಾಡಿ ನಾಲ್ಕು ಮಂದಿಗೆ ಹೇಳಿರಿ. ಬಟವಡೆ ದಿನ, ಜಾತ್ರೆ ದಿನ, ಮದುವೆ ದಿನ ಬ್ಯಾಡ. ಹಿಂದಿನ ರಾತ್ರಿಯೇ ಕಿಸೆಯೊಳಗಿನ ಕಟ್ಟು, ಮಾಡದೊಳಗಿನ ಕಟ್ಟು, ಕಡ್ಡಿಪೆಟ್ಟಿಗೆ ಎಲ್ಲಾ ಹೊರಗೆ ಹೋಗಲಿ.

ಎರಡು, ಜೋಡಿ ಮಾಡಿಕೊಳ್ಳಿರಿ. ಇಬ್ಬರೂ ಬಿಡುವವರಾದರೆ ಬಹಳ ಒಳ್ಳೆಯದು. ಇಲ್ಲವಾದರೆ ಬಿಡುವವನೊಬ್ಬ, ಕಾಯುವವನೊಬ್ಬ. ಗೋವಾ, ಮಂಗಳೂರು ಕಡೆ ದುಡಿಯಲಿಕ್ಕೆ ಹೋದ ತಮ್ಮನಿಗೆ ದಿನಾ ರಾತ್ರಿ ಊರಿಂದ ಒಂದು ಫೋನು ಹೋಗಲಿ. ‘ಉಂಡಿಯೇನಪಾ’ ಅಂತ ಮೊದಲು ಕೇಳಿರಿ. ಬೀಡಿಯ ಮಾತು ಆಮೇಲೆ.

ಮೂರು, ಮೊದಲ ಮೂರು ದಿನ ಬಹಳ ಕಠಿಣ. ಸಿಟ್ಟು ಬರುತ್ತದೆ, ತಲೆ ನೋಯುತ್ತದೆ, ನಿದ್ದೆ ಬರುವುದಿಲ್ಲ, ಕೈಗೆ ಏನೋ ಕಳಕೊಂಡಂಗ ಆಗುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಇದು ಇಳಿಯುತ್ತದೆ. ಮನೆಯವರು ಇದನ್ನು ತಿಳಕೊಳ್ಳಬೇಕು. ‘ಬೀಡಿ ಬಿಟ್ಟ ಮ್ಯಾಲೆ ನಾಯಿ ಹಾಂಗ ಮೈಮ್ಯಾಲೆ ಬರ್ತಾನ, ಸೇದಿದ್ರ ಚಲೋ ಇತ್ತು’ ಅನ್ನಬೇಡಿರಿ, ಯವ್ವಾ. ಹಾಗಂತ ಆ ಸಿಟ್ಟನ್ನು ಹೆಂಡತಿ ಮಕ್ಕಳ ಮೇಲೆ ತೀರಿಸಲಿಕ್ಕೂ ಯಾರಿಗೂ ಪರವಾನಗಿ ಇಲ್ಲ. ಸಿಟ್ಟು ಬಂದರೆ ಜೋಡಿಯವನ ಹತ್ತಿರ ಹೋಗಬೇಕು. ಅವನು ಇರುವುದೇ ಅದಕ್ಕೆ.

ನಾಲ್ಕು, ಸೇದಬೇಕು ಅನ್ನುವ ಸೆಳೆತ ಬಂದರೆ ಬಹಳ ಹೊತ್ತು ನಿಲ್ಲುವುದಿಲ್ಲ. ನಾಲ್ಕೈದು ನಿಮಿಷ. ಅಷ್ಟು ಹೊತ್ತು ದಾಟಿಸಿರಿ. ಒಂದು ತಂಬಿಗೆ ನೀರು ಕುಡಿಯಿರಿ, ನಾಲ್ಕು ಹೆಜ್ಜೆ ಹಾಕಿರಿ, ಬಾಯಿಗೆ ಬಡೇಸೋಪು, ಲವಂಗ, ಒಂದು ಹಿಡಿ ಪುಠಾಣಿ ಹಾಕಿರಿ. ಬೀಡಿ ಬಿಟ್ಟು ಗುಟಕಾ ಹಿಡಿಯುವುದು ಬಿಟ್ಟಂತಲ್ಲ. ಆ ಗುಟಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿದೆ. ಎಲೆ-ಅಡಿಕೆ ಜೊತೆ ತಂಬಾಕು ಹಾಕುವ ನಮ್ಮ ಅವ್ವಂದಿರಿಗೂ ಈ ಮಾತು ಸೇರಿತು.

ಐದು, ಜಾರಿದವನನ್ನು ನಗಬೇಡಿರಿ. ಒಂದು ಬೀಡಿ ಸೇದಿದರೆ ಒಂದು ಬೀಡಿ ಸೇದಿದ ಹಾಗೆ, ಅಷ್ಟೇ. ಬಿಟ್ಟ ದಿನಗಳು ಎಲ್ಲೂ ಹೋಗಿಲ್ಲ. ಬಹಳಷ್ಟು ಮಂದಿ ಕಾಯಂ ಬಿಡುವುದು ಹಲವು ಸಲ ಬಿಟ್ಟು ಹಿಡಿದ ಮೇಲೆಯೇ.

ಆರು, ಎಷ್ಟು ಮಾಡಿದರೂ ಆಗದವರು ಡಾಕ್ಟರ ಹತ್ತಿರ ಹೋಗಬೇಕು. ಇದು ಕಾಯಿಲೆಯೂ ಹೌದು, ಇದಕ್ಕೆ ಔಷಧಿ ಉಂಟು. ನಿಕೋಟಿನ್ ಚೂಯಿಂಗ್ ಗಮ್ಮು, ಗುಳಿಗೆ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ಇರಬೇಕು ಅನ್ನುವುದು ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಲ್ಲೇ ಇದೆ. ಅದು ನಮ್ಮ ಹಕ್ಕು, ಹೋಗಿ ಕೇಳಿರಿ. ಪುಕ್ಕಟೆ ಫೋನೂ ಇದೆ. 1800-11-2356. 2016ರಲ್ಲಿ ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸಿನಿಂದ ಕನ್ನಡದಲ್ಲೂ ಮಾತಾಡುತ್ತಾರೆ. ಪೊಟ್ಟಣದ ಮೇಲೆ ಆ ನಂಬರು ಅಚ್ಚಾಗಿರುತ್ತದೆ. ಓದು ಬಾರದ ಅಣ್ಣನಿಗೆ ಫೋನು ಹಚ್ಚಿ ಕೈಗೆ ಕೊಡುವುದು ಓದಿದ ತಮ್ಮಂದಿರ ಕೆಲಸ.

ಬಿಟ್ಟರೆ ಸಿಗುವುದೇನು? ಇಪ್ಪತ್ತು ನಿಮಿಷದಲ್ಲೇ ಎದೆಬಡಿತ ಇಳಿಯುತ್ತದೆ. ಒಂದು ದಿನ ಕಳೆಯುವುದರೊಳಗೆ ರಕ್ತದಲ್ಲಿನ ವಿಷದ ಗಾಳಿ ಹೊರಗೆ ಹೋಗುತ್ತದೆ. ಎರಡು ವಾರದಿಂದ ಮೂರು ತಿಂಗಳೊಳಗೆ ಉಸಿರಿನ ಬಲ ಸುಧಾರಿಸುತ್ತದೆ. ವರ್ಷಕ್ಕೆ ಹೃದಯದ ಕಾಯಿಲೆಯ ಅಪಾಯ ಸೇದುವವರಿಗಿಂತ ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಅರ್ಧ ಆಗುತ್ತದೆ. ‘ಇಷ್ಟು ವರ್ಷ ಸೇದೀನಿ, ಇನ್ನ ಬಿಟ್ರೇನು ಬಂತು’ ಅನ್ನುವ ಹಿರಿಯರಿಗೆ ಇದೇ ಉತ್ತರ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭ ಐತಿ, ಅಜ್ಜಾ.

ಕಾನೂನಿನ ಮಾತು. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ 2003ರ ಕಾಯ್ದೆ ಹೇಳಿತು. 2008ರ ಅಕ್ಟೋಬರ್ 2ರಿಂದ ಅದರ ಬಿಗಿ ನಿಯಮಗಳು ಬಂದವು. ದಂಡ 200 ರೂಪಾಯಿ ತನಕ ಇತ್ತು. 2025ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂದು ದಂಡ 1,000ಕ್ಕೆ ಏರಿತು, 21 ವರ್ಷ ತುಂಬದವರಿಗೆ ಮಾರಬಾರದು ಅಂತಾಯಿತು. ಕಾಯ್ದೆ ಒಳ್ಳೆಯದೇ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಹಿಡಿದ ಕೂಲಿಯವನ ಕಿಸೆಗೆ ಮೊದಲು ಕೈ ಹೋಗುತ್ತದೋ, ಕಾರಿನಲ್ಲಿ ಬಂದಿಳಿದು ಸಿಗರೇಟು ಹಚ್ಚಿದವನ ಕಿಸೆಗೆ ಹೋಗುತ್ತದೋ, ಅದನ್ನು ನಾವು ಕಣ್ಣಿಟ್ಟು ನೋಡಬೇಕು. ಇನ್ನೊಂದು ಕಡೆ, 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿನ ತೆರಿಗೆ ನೂರಕ್ಕೆ 40ಕ್ಕೆ ಏರಿಸಿ, ಬೀಡಿಯ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಬಡವನ ವಿಷ ಸೋವಿಯಾಗಿರಲಿ ಅನ್ನುವುದು ಬಡವನ ಮೇಲಿನ ಪ್ರೀತಿಯೇ?

ಬೀಡಿ ಕಟ್ಟುವ ತಾಯಂದಿರ ಹೊಟ್ಟೆಯ ಗತಿ ಏನು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ್ದಾರೆ. ಅದೇ ಸೀಮೆಯ ತಂಬಾಕು ಬೆಳೆಗಾರರು 1981ರಲ್ಲಿ ಬೆಲೆಗಾಗಿ ಬೀದಿಗೆ ಬಂದು ಗುಂಡು ತಿಂದಿದ್ದಾರೆ. ನಮ್ಮ ಜಗಳ ಅವರ ಮೇಲಲ್ಲ. ಸೇದುವವನ ಎದೆ, ಕಟ್ಟುವವಳ ಬೆರಳು, ಬೆಳೆಯುವವನ ಬೆನ್ನು ಮೂರೂ ಒಂದೇ ಕಡೆಯವು. ಲಾಭ ಹೋಗುವುದು ಬೇರೆ ಕಡೆ. ಬೀಡಿ ಕಟ್ಟುವವರಿಗೆ ಬೇರೆ ಕೆಲಸ, ಬೇರೆ ಕಸುಬಿನ ತರಬೇತಿ ಕೊಡು ಅಂತ ಸರ್ಕಾರವನ್ನು ಕೇಳುವಾಗ ನಾವು ಅವರ ಜೊತೆ ನಿಲ್ಲುತ್ತೇವೆ. ಆದರೆ ಅವರ ಹೊಟ್ಟೆ ತುಂಬಲಿ ಅಂತ ನೀನು ಕೆಮ್ಮಿ ಸಾಯಿ ಅಂತ ಯಾರಾದರೂ ಹೇಳಿದರೆ, ಅದು ಮಾಲೀಕನ ದನಿ, ಆ ತಾಯಂದಿರ ದನಿ ಅಲ್ಲ.

ಕೊನೆಯ ಮಾತು. ಇವತ್ತು ಇಲ್ಲಿಂದ ಹೋಗುವಾಗ ಪ್ರತಿಯೊಬ್ಬರೂ ಒಬ್ಬೊಬ್ಬರ ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿರಿ. ಅಣ್ಣನೋ, ಮಾವನೋ, ಜೊತೆಗೆ ಚೀಲ ಹೊರುವವನೋ. ಬರುವ ಭಾನುವಾರ ಅವರ ಮನೆಗೆ ಹೋಗಿರಿ. ಉಪದೇಶ ಮಾಡಬೇಡಿರಿ. ‘ನೀ ಬಿಡೂದಾದ್ರ ನಾ ನಿನ್ನ ಕೂಡ ಇರ್ತೀನಿ’ ಅನ್ನಿರಿ. ಅವರು ಈಗಲೇ ಬೇಡ ಅಂದರೆ ಚಹಾ ಕುಡಿದು ಬನ್ನಿರಿ, ಮುಂದಿನ ಭಾನುವಾರ ಮತ್ತೆ ಹೋಗಿರಿ. ಕೆಲಸದ ಜಾಗದಲ್ಲಿ ಬೀಡಿ ಹಿಡಿಯದವನಿಗೂ ಕುಂತು ದಣಿವಾರಿಸಿಕೊಳ್ಳುವ ಹೊತ್ತು ಬೇಕು ಅಂತ ಹಮಾಲರ ಸಂಘ, ಗಾರೆಯವರ ಸಂಘಗಳಲ್ಲಿ ಠರಾವು ಮಾಡಿಸಿರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೆಳೆಯರು ತಮ್ಮ ತಮ್ಮ ಕಡೆ ಎಷ್ಟು ಜೋಡಿ ಆದವು ಅಂತ ಮುಂದಿನ ಸಭೆಯಲ್ಲಿ ಹೇಳಬೇಕು. ಎಷ್ಟು ಮಂದಿ ಬಿಟ್ಟರು ಅಂತ ನಾವು ಕೇಳುವುದಿಲ್ಲ. ಎಷ್ಟು ಮಂದಿ ಇನ್ನೊಬ್ಬರ ಜೊತೆ ನಿಂತರು ಅಂತ ಕೇಳುತ್ತೇವೆ.

ಜೈ ಭೀಮ್.